ಕಣ್ಣಿಲ್ಲದವರಿಗೆ ಕಾಲೂ ಇಲ್ಲವೇ?

ಹದಿನಾರು ವರ್ಷದ ಹುಡುಗಿಯೊಬ್ಬಳು ನ್ಯುಮೋನಿಯಾದಿಂದ ನರಳುತ್ತ, ಔಷಧಿ ಅಂಗಡಿಯ ಮುಂದೆ ನಿಂತ ಕಾರಿನ ಹಿಂದಿನ ಸೀಟಿನಲ್ಲಿ ಹೊದ್ದುಕೊಂಡು ಮಲಗಿದ್ದಾಳೆ. ಮಲತಾಯಿ ಔಷಧಿ ತರಲು ಒಳಗೆ ಹೋಗಿದ್ದಾಳೆ. ಕೀಲಿಕೈ ಕಾರಿನಲ್ಲೇ ಇದೆ. ಅಷ್ಟರಲ್ಲಿ ಯಾರೋ ಒಬ್ಬ ಮುಂದಿನ ಬಾಗಿಲು ತೆರೆದು ಕುಳಿತು ಕಾರನ್ನು ಹೊರಡಿಸಿಬಿಡುತ್ತಾನೆ. ಹಿಂದೆ ಒಬ್ಬಳು ಮಲಗಿದ್ದಾಳೆಂಬುದು ಆ ಕಳ್ಳನಿಗೆ ಗೊತ್ತಿಲ್ಲ. ಅವಳಿಗೆ ಕಣ್ಣು ಕಾಣುವುದಿಲ್ಲ ಎಂಬುದು ತಿಳಿಯುವುದಂತೂ ಇನ್ನೂ ಆಮೇಲೆ.

ಅಮೆರಿಕದ ಲೇಖಕಿ ಏಪ್ರಿಲ್ ಹೆನ್ರಿ 2010ರಲ್ಲಿ ಪ್ರಕಟಿಸಿದ ‘ಗರ್ಲ್, ಸ್ಟೋಲನ್’ ಎಂಬ ಕಾದಂಬರಿ ಹೀಗೆ ಆರಂಭವಾಗುತ್ತದೆ. ಹುಡುಗಿಯ ಹೆಸರು ಶೆಯೆನ್. ಮೂರು ವರ್ಷಗಳ ಹಿಂದೆ ನಡೆದ ರಸ್ತೆ ಅಪಘಾತದಲ್ಲಿ ತಾಯಿಯನ್ನೂ ಕಣ್ಣನ್ನೂ ಒಟ್ಟಿಗೇ ಕಳೆದುಕೊಂಡವಳು. ಕಾರು ಕದ್ದವನು ಅವಳಿಗಿಂತ ಹೆಚ್ಚೇನೂ ದೊಡ್ಡವನಲ್ಲದ ಗ್ರಿಫಿನ್. ಅವನ ತಂದೆ ಕಾಡಿನ ನಡುವಿನ ಮನೆಯಲ್ಲಿ ಕದ್ದ ಕಾರುಗಳನ್ನು ಬಿಚ್ಚಿ ಮಾರುವ ದಂಧೆಯವನು. ಹುಡುಗಿಯ ತಂದೆ ನೈಕ್ ಕಂಪನಿಯ ಅಧ್ಯಕ್ಷ ಎಂದು ತಿಳಿದೊಡನೆ ಕಾರಿನ ಕಳ್ಳತನ ಅಪಹರಣವಾಗಿ ಮಾರ್ಪಡುತ್ತದೆ. ದಾರಿ ತೋರಿಸುವ ಅವಳ ಸಾಕುನಾಯಿ ಮನೆಯಲ್ಲೇ ಉಳಿದಿದೆ. ಆಚೆ ಎಲ್ಲ ದಿಕ್ಕಿಗೂ ಕಾಡು. ಅವಳು ಅಲ್ಲಿಂದ ತಪ್ಪಿಸಿಕೊಳ್ಳಬೇಕು.

ಹದಿಹರೆಯದವರಿಗಾಗಿ ಬರೆದ ರೋಮಾಂಚಕ ಕಾದಂಬರಿ ಇದು. ದೊಡ್ಡ ಸಾಹಿತ್ಯ ಕೃತಿಯೆಂದು ಯಾರೂ ಹೊಗಳುವುದಿಲ್ಲ. ಆದರೂ ಇಂಥ ಒಂದು ಕಥೆ ನಮ್ಮ ಕನ್ನಡದಲ್ಲಿ ಏಕೆ ಸುಲಭವಾಗಿ ಸಿಗುವುದಿಲ್ಲ ಎಂದು ಯೋಚಿಸಿದರೆ, ಪ್ರಶ್ನೆ ಪುಸ್ತಕದಿಂದ ನಮ್ಮ ಮನೆಗಳ ಒಳಕ್ಕೆ ಬರುತ್ತದೆ.

ಹಾಡು ಕೊಟ್ಟೆವು, ದಾರಿ ಕೊಡಲಿಲ್ಲ

ನಮ್ಮ ಪುರಾಣಗಳಲ್ಲಿ ಅಂಧರಿಗೆ ಕೊರತೆಯಿಲ್ಲ. ಮಹಾಭಾರತದ ಧೃತರಾಷ್ಟ್ರ ಯುದ್ಧದ ವಾರ್ತೆಗಾಗಿ ಸಂಜಯನನ್ನು ಕಾಯುತ್ತ ಕುಳಿತವನು. ರಾಮಾಯಣದ ಶ್ರವಣಕುಮಾರನ ತಂದೆತಾಯಿ ನೀರು ತರಲು ಹೋದ ಮಗನನ್ನು ಕಾಯುತ್ತ ಕುಳಿತವರು. ಇಬ್ಬರ ಕಥೆಯಲ್ಲೂ ನಡೆಯುವುದೆಲ್ಲ ಇನ್ನೊಬ್ಬರ ಕಾಲಿನಿಂದ, ಇನ್ನೊಬ್ಬರ ಕಣ್ಣಿನಿಂದ. ಸುದ್ದಿ ಬಂದಾಗ ದುಃಖಿಸುವುದು, ಶಪಿಸುವುದು, ಇಷ್ಟೇ ಇವರ ಪಾಲಿಗೆ ಉಳಿದದ್ದು.

ಕಾಯುವ ಕುರುಡನ ಪಕ್ಕದಲ್ಲಿ ಹಾಡುವ ಕುರುಡನೂ ನಮ್ಮ ಕಲ್ಪನೆಯಲ್ಲಿದ್ದಾನೆ. 1961ರಲ್ಲಿ ತೆರೆಕಂಡ ‘ಕಣ್ತೆರೆದು ನೋಡು’ ಚಿತ್ರದಲ್ಲಿ ರಾಜಕುಮಾರ್ ಅಂಧ ಗಾಯಕನ ಪಾತ್ರ ಮಾಡಿದರು. ಆ ಪಾತ್ರವನ್ನು ನೋಡಿ ಕಣ್ಣೀರು ಹಾಕಿದ ಪ್ರೇಕ್ಷಕರಿಗೆ, ಕಣ್ಣಿಲ್ಲದವನು ಹಾಡುಗಾರನೇ ಆಗಿರಬೇಕು ಎಂಬುದರಲ್ಲಿ ಅಚ್ಚರಿಯೇನೂ ಕಾಣಲಿಲ್ಲ. 58 ವರ್ಷಗಳ ನಂತರ, 2019ರಲ್ಲಿ, ಅವರ ಮಗ ಶಿವರಾಜ್‌ಕುಮಾರ್ ‘ಕವಚ’ ಚಿತ್ರದಲ್ಲಿ ಅಂಧನಾಗಿ ಕಾಣಿಸಿಕೊಂಡರು. ಇಲ್ಲಿ ನಾಯಕ ಕೊಲೆಗಾರನಿಂದ ಒಬ್ಬ ಬಾಲಕಿಯನ್ನು ಕಾಪಾಡುತ್ತಾನೆ. ಆದರೆ ಆ ಕಥೆ ಮಲಯಾಳದಿಂದ ಬಂದದ್ದು; 2016ರ ‘ಒಪ್ಪಂ’ ಚಿತ್ರದ ಮರುನಿರ್ಮಾಣ. ತಂದೆಯ ಕಾಲದ ಅಂಧ ನಾಯಕನಿಂದ ಮಗನ ಕಾಲದ ಅಂಧ ನಾಯಕನವರೆಗೆ ಕನ್ನಡದ ತೆರೆ ಬಹಳ ದೂರ ಬಂದಿದೆ. ಆದರೂ ಆ ನಾಯಕ ಬೆಳೆದ ಗಂಡಸು. ಹದಿನಾರರ ಹುಡುಗಿಗೆ ಇನ್ನೂ ಸರದಿ ಬಂದಿಲ್ಲ.

ಅಂಧ ಗಾಯಕರ ಮಾತು ಬಂದಾಗ ಕನ್ನಡಿಗರಿಗೆ ಮೊದಲು ನೆನಪಾಗುವುದು ಗದಗದ ವೀರೇಶ್ವರ ಪುಣ್ಯಾಶ್ರಮ. 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳೂ ಅವರ ಅಣ್ಣನೂ ಹುಟ್ಟುಕುರುಡರು. ಹಾನಗಲ್ಲ ಕುಮಾರಸ್ವಾಮಿಗಳು ಅವರನ್ನು ಕರೆತಂದು ಸಂಗೀತ ಕಲಿಸಿದರು. ಮುಂದೆ ಗವಾಯಿಗಳು ಅಂಧ ಮತ್ತು ಅನಾಥ ಮಕ್ಕಳನ್ನು ಕಟ್ಟಿಕೊಂಡು ಸಂಗೀತ ಶಾಲೆ ನಡೆಸಿದರು. ಅವರ ಶಿಷ್ಯ, ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಆಶ್ರಮವನ್ನು ಬೆಳೆಸಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥ ರಚಿಸಿ, 2010ರಲ್ಲಿ ಪದ್ಮಭೂಷಣ ಪಡೆದರು.

ಇಲ್ಲಿ ನಾವು ಮರೆಯುವ ಸಂಗತಿಯೊಂದಿದೆ. ಗದುಗಿನಲ್ಲಿ ನೆಲೆಗೊಳ್ಳುವ ಮೊದಲು ಆ ಶಾಲೆ ಸಂಚಾರಿ ಶಾಲೆಯಾಗಿತ್ತು. ಗುರು ಅಂಧ, ಶಿಷ್ಯರಲ್ಲಿ ಹಲವರು ಅಂಧರು. ಆದರೂ ಊರಿಂದೂರಿಗೆ ಹೋಗಿ, ಅಲ್ಲಿ ಕೆಲಕಾಲ ಬೀಡುಬಿಟ್ಟು, ಭಿಕ್ಷೆ ಎತ್ತಿ, ಮಕ್ಕಳಿಗೆ ಪಾಠ ಹೇಳಿ ಮುಂದೆ ಸಾಗುತ್ತಿದ್ದರು. ಶಾಲೆಯ ಖರ್ಚಿಗೆಂದು ನಾಟಕ ಕಂಪನಿಯನ್ನೂ ಕಟ್ಟಿದರು. ಸಂತೆ, ಜಾತ್ರೆ, ರೈಲು, ಚಕ್ಕಡಿ ಎಲ್ಲವನ್ನೂ ಬಲ್ಲ ಬದುಕು ಅದು. ನಾವು ಗವಾಯಿಗಳ ಕೊರಳನ್ನು ನೆನೆದೆವು, ಕಾಲನ್ನು ಮರೆತೆವು.

ಗೋಕಾವಿ ನಾಡಿನ ಕಾದಂಬರಿ

ಸಾಹಸದ ಕಥೆ ಬರೆಯುವ ಶಕ್ತಿ ಕನ್ನಡಕ್ಕಿಲ್ಲ ಎಂದಲ್ಲ. ಎನ್. ನರಸಿಂಹಯ್ಯನವರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಬಸ್ ನಿಲ್ದಾಣದ ಅಂಗಡಿಗಳಲ್ಲಿ, ಬಾಡಿಗೆ ಗ್ರಂಥಾಲಯಗಳಲ್ಲಿ ಅವು ಕೈಯಿಂದ ಕೈಗೆ ಓಡಾಡಿ, ಎಷ್ಟೋ ಜನರಿಗೆ ಓದುವ ರುಚಿ ಹತ್ತಿಸಿದವು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ‘ಮಾಡಿ ಮಡಿದವರು’ ಕಾದಂಬರಿಯಲ್ಲಿ 1942ರ ಚಳವಳಿಯ ತರುಣರ ಕಥೆ ಹೇಳಿದರು. ಆ ಚಳವಳಿಯಲ್ಲಿ ಸ್ವತಃ ಸೆರೆಮನೆ ಕಂಡವರು ಅವರು. ಪೊಲೀಸರ ಕಣ್ಣು ತಪ್ಪಿಸಿ ಕತ್ತಲಲ್ಲಿ ನಡೆಯುವುದೆಂದರೇನು ಎಂಬುದು ಆ ಪೀಳಿಗೆಗೆ ಪುಸ್ತಕದ ವಿಷಯವಾಗಿರಲಿಲ್ಲ. ಅದೇ ತಾಲೂಕಿನ ಬೆಟಗೇರಿಯಿಂದ ಬಂದವರು ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು. ಇಷ್ಟು ಕಥೆಗಾರರನ್ನು ಕೊಟ್ಟ ನೆಲದಲ್ಲಿ ಅಂಧ ಹುಡುಗಿಯೊಬ್ಬಳು ತಪ್ಪಿಸಿಕೊಂಡು ಬರುವ ಕಥೆಯನ್ನು ಕಲ್ಪಿಸುವುದು ಕಷ್ಟವೇ?

ಗೋಕಾಕ, ಅದರಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿ, ಪಕ್ಕದ ಹುಕ್ಕೇರಿ, ಈ ಮೂರನ್ನು ಕಣ್ಣು ಮುಚ್ಚಿ ಯೋಚಿಸಿ ನೋಡೋಣ. ಗೋಕಾಕ ಜಲಪಾತದಲ್ಲಿ ಘಟಪ್ರಭೆ 52 ಮೀಟರ್ ಆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಆ ಭೋರ್ಗರೆತ ದೂರದಿಂದಲೇ ಕೇಳುತ್ತದೆ. ಸದ್ದು ಎಡಗಿವಿಗೆ ಹೆಚ್ಚಾಗುತ್ತಿದೆಯೋ ಬಲಗಿವಿಗೋ ಎಂಬುದರಿಂದ ನಡೆಯುವವಳಿಗೆ ದಿಕ್ಕು ಸಿಗುತ್ತದೆ. ಬೇಸಿಗೆಯಲ್ಲಿ ನೀರು ಸೊರಗಿದಾಗ ಆ ಗುರುತು ಅಳಿಸಿಹೋಗುತ್ತದೆ; ಆಗ ಬೇರೆ ಗುರುತು ಬೇಕು. ಜಲಪಾತದ ಮೇಲಿನ ತೂಗುಸೇತುವೆಗೆ ಕಾಲಿಟ್ಟರೆ ನೆಲವೇ ಅಲುಗಿ ತಾನಾರೆಂದು ಹೇಳುತ್ತದೆ. ಘಟಪ್ರಭಾ ನಿಲ್ದಾಣದ ಕಡೆಯಿಂದ ರೈಲಿನ ಕೂಗು. ಸಂಕೇಶ್ವರದ ಬಳಿ ಹೆದ್ದಾರಿಯ ಲಾರಿಗಳ ನಿಲ್ಲದ ಮೊರೆತ.

ಕಿವಿಗೆ ಕಾಣುವಷ್ಟೇ ಮೂಗಿಗೂ ಕಾಣುತ್ತದೆ. ಕಬ್ಬು ನುರಿಸುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಯ ವಾಸನೆ ಯಾವ ಗಾಳಿಗೆ ಬರುತ್ತದೆಂಬುದು ಸುತ್ತಲಿನ ಹಳ್ಳಿಯವರಿಗೆ ಗೊತ್ತು. ಬೆಲ್ಲದ ಗಾಣದ ವಾಸನೆ ಬೇರೆ, ಕಾರ್ಖಾನೆಯ ಮಳ್ಳಿಯ ವಾಸನೆ ಬೇರೆ. ಕರದಂಟು ಕಟ್ಟುವ ಅಂಗಡಿಯ ಮುಂದೆ ಹಾಯ್ದರೆ ಬೆಲ್ಲ, ತುಪ್ಪ, ಹುರಿದ ಅಂಟು ಸೇರಿದ ಪರಿಮಳ ತಾನು ಪೇಟೆಗೆ ಬಂದೆನೆಂದು ಹೇಳುತ್ತದೆ. ಕಾಲಿಗೂ ನೆನಪಿದೆ. ಮಳೆ ಬಿದ್ದ ಎರಿ ಭೂಮಿ ಪಾದಕ್ಕೆ ಮೆತ್ತಿಕೊಂಡು ಭಾರವಾಗುತ್ತದೆ. ಮಸಾರಿ ನೆಲ ಹಾಗಲ್ಲ, ಹರಳಾಗಿ ಒತ್ತುತ್ತದೆ. ಕಾಲುವೆಯ ಏರಿ ಹತ್ತಿದರೆ ಗಾಳಿ ತಂಪಾಗುತ್ತದೆ. ಕೆನ್ನೆಯ ಮೇಲೆ ಬಿಸಿಲು ಯಾವ ಕಡೆ ಬೀಳುತ್ತಿದೆ ಎಂಬುದು ಹೊತ್ತನ್ನೂ ದಿಕ್ಕನ್ನೂ ಒಟ್ಟಿಗೆ ಹೇಳುತ್ತದೆ. ತಲೆಗಿಂತ ಎತ್ತರ ಬೆಳೆದ ಕಬ್ಬಿನ ಹೊಲದಲ್ಲಿ ಹಗಲಿನಲ್ಲೂ ಕಣ್ಣಿದ್ದವನಿಗೆ ನಾಲ್ಕು ಮಾರು ಆಚೆ ಕಾಣುವುದಿಲ್ಲ. ಬೆನ್ನಟ್ಟುವವನೂ ಓಡುವವಳೂ ಅಲ್ಲಿ ಸಮಾನರು. ರವದಿಯ ಸಪ್ಪಳ ಯಾವ ಕಡೆಯಿಂದ ಬಂತೆಂದು ತಿಳಿದವರು ಗೆಲ್ಲುತ್ತಾರೆ.

ಪಾರಿಜಾತದ ಸೀಮೆ ಇದು. ಕುಲಗೋಡ ತಮ್ಮಣ್ಣ ರೂಪಿಸಿದ, ಕೌಜಲಗಿ ನಿಂಗಮ್ಮ ಮೆರೆಸಿದ ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಆಡುತ್ತಿದ್ದಾಗ, ಜನದ ಹಿಂದೆ ದೂರ ಕುಳಿತವರು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಕಿವಿಯಿಂದ ಕಥೆ ಹಿಡಿಯುವುದು ಇಲ್ಲಿನವರಿಗೆ ಹೊಸದೇನಲ್ಲ.

ಪವಾಡವಲ್ಲ, ಅಭ್ಯಾಸ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. ಕಣ್ಣು ಕಿತ್ತುಕೊಂಡ ದೇವರು ಬದಲಿಗೆ ಬೇರೇನೋ ದಿವ್ಯಶಕ್ತಿ ಕೊಟ್ಟಿರುತ್ತಾನೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಎಷ್ಟೋ ರೋಮಾಂಚಕ ಕಥೆಗಳು ಈ ನಂಬಿಕೆಯನ್ನೇ ಬಂಡವಾಳ ಮಾಡಿಕೊಳ್ಳುತ್ತವೆ. ಇಂಗ್ಲೆಂಡಿನ ಅರ್ನೆಸ್ಟ್ ಬ್ರಾಮಾ 1914ರಲ್ಲಿ ಪುಸ್ತಕವಾಗಿ ತಂದ ಮ್ಯಾಕ್ಸ್ ಕ್ಯಾರಡೋಸ್ ಎಂಬ ಅಂಧ ಪತ್ತೇದಾರನ ಕಥೆಗಳಲ್ಲಿ ನಾಯಕನ ಬೆರಳು ಮತ್ತು ಮೂಗು ಮಾಡುವ ಕೆಲಸ ಕೆಲವೊಮ್ಮೆ ಮಾಯಾಜಾಲದಂತೆ ತೋರುತ್ತದೆ. ವಿಜ್ಞಾನ ಹೇಳುವುದು ಇದಕ್ಕಿಂತ ಸರಳ, ಇದಕ್ಕಿಂತ ಸ್ವಾರಸ್ಯಕರ.

ಎದುರಿಗೆ ಗೋಡೆ ಬಂದರೆ ಮುಟ್ಟುವ ಮೊದಲೇ ಕೆಲವು ಅಂಧರಿಗೆ ಅದರ ಅರಿವಾಗುತ್ತದೆ. ಫ್ರಾನ್ಸಿನ ದಿದೆರೋ 1749ರಲ್ಲಿ ಅಂಧರ ಕುರಿತು ಬರೆದ ಪತ್ರರೂಪದ ಕೃತಿಯಲ್ಲೇ ಇದನ್ನು ಗುರುತಿಸಿದ್ದ. ಆ ಪುಸ್ತಕದ ವಿಚಾರಗಳಿಗಾಗಿ ಅವನು ಸೆರೆಮನೆಗೂ ಹೋದ. ಮುಖದ ಚರ್ಮಕ್ಕೆ ಗಾಳಿಯ ಒತ್ತಡ ತಿಳಿಯುತ್ತದೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಪ್ರಯೋಗ ನಡೆಸಿ, ಕಿವಿ ಮುಚ್ಚಿದರೆ ಆ ಅರಿವು ಮಾಯವಾಗುತ್ತದೆ ಎಂದು 1944ರಲ್ಲಿ ತೋರಿಸಿದರು. ಹೆಜ್ಜೆಯ ಸದ್ದು ಗೋಡೆಗೆ ತಾಗಿ ಮರಳುವುದನ್ನು ಕಿವಿ ಹಿಡಿಯುತ್ತದೆ, ಅಷ್ಟೆ. ಶೈಶವದಲ್ಲೇ ಎರಡೂ ಕಣ್ಣು ಕಳೆದುಕೊಂಡ ಅಮೆರಿಕದ ಡೇನಿಯಲ್ ಕಿಶ್ ನಾಲಿಗೆಯಿಂದ ಲೊಚಗುಟ್ಟುತ್ತ, ಅದರ ಮರುದನಿ ಕೇಳುತ್ತ ಸೈಕಲ್ ಕೂಡ ಓಡಿಸುವುದನ್ನು ಕಲಿತರು. ಬೇರೆ ಅಂಧರಿಗೂ ಕಲಿಸಿದರು. ಹೀಗೆ ಮರುದನಿಯಿಂದ ದಾರಿ ಕಾಣುವವರ ಮಿದುಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ, ಕಣ್ಣಿನ ಕೆಲಸಕ್ಕೆಂದು ಇರುವ ಭಾಗವೇ ಅವರಲ್ಲಿ ಸದ್ದಿಗೆ ಎಚ್ಚರಗೊಳ್ಳುತ್ತದೆ ಎಂದು ಕಂಡುಕೊಂಡಿತು.

ಹುಟ್ಟಿನಿಂದ ಬಂದ ವರ ಇದಲ್ಲ. ದಿನವೂ ನಡೆದು, ಎಡವಿ, ಎದ್ದು ಗಳಿಸಿದ ಅಭ್ಯಾಸ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾಲ್ಕು ಹೆಜ್ಜೆ ಇಟ್ಟು ಎಡವಿದ ನಾವು ‘ಅಯ್ಯೋ, ಇವರ ಪಾಡೇ’ ಎಂದು ಮರುಗುತ್ತೇವೆ. ನಮಗೆ ಆಗ ತಿಳಿದದ್ದು ಕುರುಡುತನದ ಮೊದಲ ದಿನ ಮಾತ್ರ. ಹತ್ತು ವರ್ಷ ನಡೆದವರ ಕಾಲು ಏನು ಬಲ್ಲದೆಂಬುದು ತಿಳಿಯಲಿಲ್ಲ.

ನಿಜವಾಗಿ ನಡೆದದ್ದು

ಇಂಥ ಸಾಹಸ ಕಾದಂಬರಿಯಲ್ಲಷ್ಟೇ ಸಾಧ್ಯ ಎನ್ನುವವರಿಗೆ ಫ್ರಾನ್ಸಿನ ಜಾಕ್ ಲೂಸೆರಾನ್ ಎಂಬಾತನ ಬಾಳು ಉತ್ತರ. 1924ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಈತ ಎಂಟು ತುಂಬುವ ಮೊದಲೇ ಶಾಲೆಯಲ್ಲಾದ ಅಪಘಾತದಿಂದ ಕುರುಡನಾದ. ತಂದೆತಾಯಿ ಅವನನ್ನು ಮನೆಯಲ್ಲಿ ಕೂರಿಸಲಿಲ್ಲ. ತಾಯಿ ಮಗನ ಜೊತೆಗೆ ತಾನೂ ಬ್ರೈಲ್ ಕಲಿತಳು. ಮಗ ಎಲ್ಲರ ಜೊತೆ ಎಂದಿನ ಶಾಲೆಗೇ ಹೋದ. ಗೆಳೆಯರೊಡನೆ ಬೆಟ್ಟಗುಡ್ಡ ಓಡಾಡಿದ.

1941ರಲ್ಲಿ ದೇಶ ಜರ್ಮನರ ವಶದಲ್ಲಿದ್ದಾಗ, ಇನ್ನೂ ಹದಿನೇಳು ತುಂಬದ ಈ ಹುಡುಗ ಸಹಪಾಠಿಗಳನ್ನು ಸೇರಿಸಿ ಗುಪ್ತ ಪ್ರತಿರೋಧ ಸಂಘಟನೆ ಕಟ್ಟಿದ. ಹೊಸದಾಗಿ ಸೇರಬಯಸುವವರನ್ನು ಪರೀಕ್ಷಿಸುವ ಹೊಣೆ ಅವನದು. ಒಬ್ಬೊಬ್ಬರನ್ನೂ ಎದುರು ಕೂರಿಸಿ ಮಾತಾಡಿಸಿ, ಅವರ ದನಿಯಿಂದಲೇ ನಂಬಬಹುದೋ ಬಾರದೋ ಎಂದು ತೀರ್ಮಾನಿಸುತ್ತಿದ್ದ. ಒಬ್ಬನ ವಿಷಯದಲ್ಲಿ ಮಾತ್ರ ಅವನ ಕಿವಿ ಅನುಮಾನಪಟ್ಟಿತು, ಆದರೂ ಸೇರಿಸಿಕೊಂಡ. 1943ರಲ್ಲಿ ಅವರನ್ನು ಹಿಡಿದುಕೊಟ್ಟವನು ಅವನೇ. ಲೂಸೆರಾನ್ ಬುಖೆನ್‌ವಾಲ್ಡ್ ಯಾತನಾ ಶಿಬಿರಕ್ಕೆ ಹೋದ. 1945ರ ಏಪ್ರಿಲ್‌ನಲ್ಲಿ ಶಿಬಿರ ಬಿಡುಗಡೆಯಾದಾಗ ಜೀವಂತ ಉಳಿದವರಲ್ಲಿ ಅವನೂ ಒಬ್ಬ. ಆಮೇಲೆ ಅಮೆರಿಕದಲ್ಲಿ ಪ್ರಾಧ್ಯಾಪಕನಾದ. ಅವನ ಬಾಳಿನಲ್ಲಿ ಪವಾಡವೇನೂ ಕಾಣುವುದಿಲ್ಲ. ಅವನ ಕಿವಿ ನಿಜ ಹೇಳಿದ್ದೂ ಉಂಟು, ಆ ಕಿವಿಯ ಮಾತನ್ನು ಅವನೇ ಮೀರಿ ಕೆಟ್ಟದ್ದೂ ಉಂಟು. ಕಣ್ಣಿದ್ದವರು ಬದುಕುವುದೂ ಹೀಗೆಯೇ.

ಅವನ ಕೈಗೆ ಓದು ಕೊಟ್ಟ ಬ್ರೈಲ್ ಲಿಪಿಯೂ ಹದಿಹರೆಯದ ಅಂಧನೊಬ್ಬನ ಕೆಲಸವೇ. ಮೂರು ವರ್ಷದವನಿದ್ದಾಗ ಕಣ್ಣಿಗೆ ಪೆಟ್ಟು ಬಿದ್ದು ಕುರುಡನಾದ ಲೂಯಿ ಬ್ರೈಲ್, ಹದಿನೈದರ ಹೊತ್ತಿಗೆ ಆರು ಚುಕ್ಕೆಗಳ ತನ್ನ ಬರಹಕ್ಕೆ ರೂಪು ಕೊಟ್ಟಿದ್ದ. 1829ರಲ್ಲಿ ಅದು ಅಚ್ಚಾಯಿತು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದ ಭಾರತಿ ಬ್ರೈಲ್ ಒಪ್ಪಿತವಾದಾಗ ಕನ್ನಡವೂ ಅದರೊಳಗೆ ಬಂತು.

ಪ್ರೀತಿಯ ಸೆರೆ

ಅಪಹರಣಕಾರರ ಕೋಣೆಯಲ್ಲಿ ಅಂಧ ಹುಡುಗಿಯನ್ನು ಕೂಡಿಹಾಕಿದರೆ ಓದುಗನಿಗೆ ಕೋಪ ಬರುತ್ತದೆ. ನಮ್ಮ ಹಳ್ಳಿಯ ಮನೆಯ ಪಡಸಾಲೆಯಲ್ಲಿ ಅಂಥದೇ ಹುಡುಗಿ ಹದಿನಾರು ವರ್ಷ ಕೂತಿದ್ದರೆ ಕೋಪ ಬರುವುದಿಲ್ಲ, ‘ಪಾಪ’ ಎನಿಸುತ್ತದೆ. ‘ಬ್ಯಾಡವಾ, ಕಣ್ಣ ಕಾಣದಾಕಿ ಎಲ್ಲಿ ಹೊಂಟಿ, ಎಲ್ಲ್ಯರೆ ಬಿದ್ದಗಿದ್ದಿ, ಇಲ್ಲೇ ಕುಂದರು’ ಎನ್ನುವ ತಾಯಿಯ ದನಿಯಲ್ಲಿ ಕಪಟವಿಲ್ಲ. ಬೀದಿಯಲ್ಲಿ ಬಾವಿಯಿದೆ, ಟ್ರ್ಯಾಕ್ಟರ್ ಇದೆ, ಕೆಟ್ಟ ಜನರಿದ್ದಾರೆ. ಹೆಣ್ಣುಮಗುವಾದರೆ ಅಂಜಿಕೆ ಎರಡು ಪಟ್ಟು. ಆದರೆ ಅಂಗಳ ದಾಟದ ಕಾಲಿಗೆ ಊರಿನ ನಕ್ಷೆ ಎಲ್ಲಿಂದ ಬರಬೇಕು? ಎರಿಯೋ ಮಸಾರಿಯೋ ಎಂದು ತುಳಿಯದೆ ತಿಳಿಯುವುದು ಹೇಗೆ? ಮುಂದೆ ನಿಜವಾದ ಅಪಾಯ ಬಂದ ದಿನ ಅವಳು ಅಸಹಾಯಕಳಾಗಿ ನಿಲ್ಲುವುದು ಕಣ್ಣಿಲ್ಲದ್ದಕ್ಕಿಂತ ಹೆಚ್ಚಾಗಿ ಕಾಲಿಗೆ ಪಾಠ ಸಿಗದ ಕಾರಣಕ್ಕೆ. ಅಪಹರಣಕಾರರ ಕೋಣೆಯಿಂದ ಓಡಿದರೆ ಊರೇ ಮೆಚ್ಚುತ್ತದೆ. ಪ್ರೀತಿಯ ಕೋಣೆಯಿಂದ ಹೊರಬರಲು ಹೊರಟರೆ ಊರೇ ತಡೆಯುತ್ತದೆ.

ಈ ಪಾಠಕ್ಕೆ ಬೇಕಾದ ಉಪಕರಣ ದುಬಾರಿಯದಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ರಿಚರ್ಡ್ ಹೂವರ್ ಉದ್ದನೆಯ ಬಿಳಿ ಕೋಲನ್ನು ಬಳಸುವ ಕ್ರಮ ರೂಪಿಸಿದರು. ಎಡಗಾಲು ಮುಂದಿಡುವಾಗ ಕೋಲು ಬಲಕ್ಕೆ, ಬಲಗಾಲು ಮುಂದಿಡುವಾಗ ಎಡಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ನೋಡಿಟ್ಟಿರುತ್ತದೆ. ನಮ್ಮ ಮಣ್ಣಿನ ರಸ್ತೆಗೂ ಈ ಕ್ರಮ ಹೊಂದುತ್ತದೆ. ಕಲಿಸುವವರು ಬೇಕು, ಕಲಿಯಲು ಬಿಡುವ ಮನೆಯವರು ಬೇಕು.

ಕಲಿತವರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ದೂರ ನೋಡಬೇಕಿಲ್ಲ. ಮೈಸೂರಿನಲ್ಲಿ ಅಂಧ ಮತ್ತು ಕಿವುಡ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ತೆರೆಯಿತು. ಬೆಳಗಾವಿಯಲ್ಲಿ ಮಾಹೇಶ್ವರಿ ಅಂಧಶಾಲೆಯಿದೆ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ ಅವರ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025ರ ನವೆಂಬರ್‌ನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿಯೂ ಕರ್ನಾಟಕದ ದೀಪಿಕಾ ಟಿ.ಸಿ. ಗಿಲಗಿಲ ಸದ್ದು ಮಾಡುತ್ತ ನೆಲದ ಮೇಲೆ ಉರುಳಿ ಬರುವ ಚೆಂಡನ್ನು ಕಿವಿಯಿಂದ ಹಿಡಿದು ಬಾರಿಸುವ ಆಟ ಅದು. ಈ ಹೆಣ್ಣುಮಕ್ಕಳಲ್ಲಿ ಒಬ್ಬೊಬ್ಬರೂ ಎಂದೋ ಒಂದು ದಿನ ಮನೆಯ ಹೊಸ್ತಿಲು ದಾಟಿದವರೇ.

ಪುಸ್ತಕದ ಬರ

ಇನ್ನು ಉಳಿದದ್ದು ಕಥೆಯ ಮಾತು. ಅಂಧ ಓದುಗರಿಗೆ ಬೇಕಾದ ರೂಪದಲ್ಲಿ ಪುಸ್ತಕ ಸಿಗದಿರುವುದನ್ನು ಜಗತ್ತಿನಾದ್ಯಂತ ‘ಪುಸ್ತಕದ ಬರ’ ಎಂದೇ ಕರೆಯುತ್ತಾರೆ. ಈ ಬರ ನೀಗಲೆಂದು 2013ರಲ್ಲಿ ಮರಾಕೇಶ್ ಒಪ್ಪಂದವಾಯಿತು. ಹಕ್ಕುಸ್ವಾಮ್ಯದ ಅಡ್ಡಿಯಿಲ್ಲದೆ ಪುಸ್ತಕಗಳನ್ನು ಬ್ರೈಲಿಗೋ ಧ್ವನಿಗೋ ಬದಲಿಸಿ ಹಂಚಲು ಅದು ಅವಕಾಶ ಕೊಡುತ್ತದೆ. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವೂ ಆರಂಭವಾಯಿತು. ಕಂಪ್ಯೂಟರ್ ಮತ್ತು ಮೊಬೈಲ್ ಇಂದು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತವೆ. ಮೂಡಲಗಿಯ ಹುಡುಗಿಯೊಬ್ಬಳು ಮನಸ್ಸು ಮಾಡಿದರೆ ಕಾದಂಬರಿಯನ್ನು ಕಿವಿಯಿಂದ ಓದಬಲ್ಲಳು.

ಆದರೆ ಅವಳು ಓದಲು ಕೂತರೆ ತನ್ನಂಥವಳ ಕಥೆ ಎಲ್ಲಿದೆ? ಕಾಯುವ ಕುರುಡರು, ಹಾಡುವ ಕುರುಡರು, ಮರುಕ ಹುಟ್ಟಿಸುವ ಕುರುಡರು ಸಿಗುತ್ತಾರೆ. ಜಲಪಾತದ ಸದ್ದನ್ನು ಬೆನ್ನಿಗೆ ಹಾಕಿಕೊಂಡು, ಕಬ್ಬಿನ ಹೊಲ ಹಾಯ್ದು, ಕಾಲುವೆಯ ಏರಿ ಹಿಡಿದು, ಹೆದ್ದಾರಿಯ ಲಾರಿಗಳ ಮೊರೆತದತ್ತ ಹೆಜ್ಜೆ ಹಾಕುವ ಹುಡುಗಿ ಸಿಗುವುದಿಲ್ಲ. ಅಂಥ ಒಂದು ಪುಸ್ತಕವನ್ನು ಗೋಕಾವಿ ನಾಡಿನ ಹೊಸ ಬರಹಗಾರರು ಯಾರಾದರೂ ಬರೆಯಲಿ. ಬರೆಯುವ ಮೊದಲು ತಮ್ಮ ಊರಿನ ಅಂಧ ಹುಡುಗ ಹುಡುಗಿಯರನ್ನು ಜೊತೆಗೆ ಕರೆದುಕೊಂಡು ಆ ದಾರಿಯನ್ನು ಒಮ್ಮೆ ನಡೆದು ಬರಲಿ. ಎಲ್ಲಿ ಗಾಳಿ ತಂಪಾಗುತ್ತದೆ, ಎಲ್ಲಿ ನೆಲ ಬದಲಾಗುತ್ತದೆ ಎಂದು ಅವರನ್ನೇ ಕೇಳಲಿ. ಪುಸ್ತಕ ತಡವಾದರೂ ಚಿಂತೆಯಿಲ್ಲ, ಆ ಮಕ್ಕಳು ಒಂದು ದಾರಿ ನಡೆದಿರುತ್ತಾರೆ.